ನಿಖಿತಾ ಇಳಿಯಬೇಕಾದ ಸ್ಟೇಷನ್

ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತಿದವರ ಮೊದಲ ಕೆಲಸ, ಕೂತವರನ್ನು "ಕುಠೆ ಉತರಣಾರ್?", ಎಲ್ಲಿ ಇಳಿಯುತ್ತೀರಿ, ಎಂದು ಕೇಳುವುದು. ಕೂತವರು ಇಳಿದ ಮೇಲೆ ಆ ಸೀಟು ಮೊದಲು ಕೇಳಿದವರದು. ನಾನು ಯಾರನ್ನೂ ಕೇಳುವುದಿಲ್ಲ. ಮುಖ ನೋಡಿದರೆ ಸಾಕು, ಯಾರು ಎಲ್ಲಿ ಇಳಿಯುತ್ತಾರೆಂದು ನನಗೆ ಗೊತ್ತಾಗುತ್ತದೆ. ಹತ್ತನೇ ವಯಸ್ಸಿನಿಂದ ಹೀಗೇ. ಅಮ್ಮಿ ತಾಯತ ಕಟ್ಟಿಸಿದಳು, ಏನೂ ಆಗಲಿಲ್ಲ. ಈಗ ಡಬ್ಬಿಯ ಹೆಂಗಸರೇ "ಬುಷರಾ, ಮಲಾಡ್ ಯಾರು?" ಎನ್ನುತ್ತಾರೆ, ನಾನು ಬೆರಳು ತೋರಿಸುತ್ತೇನೆ. ಒಮ್ಮೆಯೂ ತಪ್ಪಿಲ್ಲ.

ಗೆಳತಿಯರ ಮುಖವನ್ನು ಮಾತ್ರ ಹಾಗೆ ನೋಡುವುದಿಲ್ಲ. ಅದು ಅವರ ಚೀಲ ತಡಕಿದ ಹಾಗೆ.

ನಿಖಿತಾ ಆಂಟಾಪ್ ಹಿಲ್‌ನಲ್ಲಿ ನಮ್ಮದೇ ಬಿಲ್ಡಿಂಗಿನವಳು, ಉಡುಪಿ ಕಡೆಯವಳು. ಆ ದಿನ ಬೊರಿವಲಿಯಲ್ಲಿ ನಮ್ಮ ಬಿ.ಕಾಂ. ಕೊನೆಯ ಪೇಪರು. ಇಬ್ಬರೂ ಅದರಲ್ಲಿ ಒಂದೊಂದು ಸಲ ಡುಮ್ಕಿ ಹೊಡೆದವರೇ. ಆದರೆ ಅದೇ ದಿನ, ಪರೀಕ್ಷೆಯ ಹೊತ್ತಿಗೇ, ಹತ್ತು ಗಂಟೆಗೆ ಅಂಧೇರಿಯ ಒಬ್ಬ ಶೆಟ್ಟರ ಲಾಡ್ಜಿನಲ್ಲಿ ಅವಳು ರಿಸೆಪ್ಶನ್ ಕೆಲಸಕ್ಕೆ ಸೇರಬೇಕಿತ್ತು. ಬಾರದಿದ್ದರೆ ಬೇರೆಯವಳನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದರಂತೆ.

ದಾದರಿನಲ್ಲಿ ಸ್ಲೋ ಗಾಡಿ ಹತ್ತಿದಾಗಿನಿಂದ ಅವಳು ಹಾಲ್ ಟಿಕೆಟ್ ಮಡಚುತ್ತಿದ್ದಳು, ಬಿಡಿಸುತ್ತಿದ್ದಳು.

ಬಾಂದ್ರಾ ದಾಟಿದ ಮೇಲೆ ಅವಳೆಂದಳು, "ನನ್ನ ಮುಖ ನೋಡು ಮಾರಾಯ್ತಿ. ನಾನು ಎಲ್ಲಿ ಇಳಿತೇನೆ ಹೇಳು."

"ನಾ ಹೇಳಂಗಿಲ್ಲ. ದೋಸ್ತಿ ಒಳಗ ಇದೆಲ್ಲ ಬ್ಯಾಡ."

"ನಂಗೆ ಡಿಸೈಡ್ ಮಾಡ್ಲಿಕ್ಕೆ ಆಗುದಿಲ್ಲ. ನೀನು ಹೇಳಿದ ಹಾಗೆ ಮಾಡ್ತೇನೆ."

ನನಗೆ ಸಿಟ್ಟು ಬಂತು. ಚೀಟಿ ಎತ್ತಿಕೊಡಲು ನಾನೇನು ಶಾಸ್ತ್ರದ ಗಿಣಿಯೇ? ಖಾರ್ ಹೋಯಿತು, ಸಾಂತಾಕ್ರೂಜ್ ಹೋಯಿತು. ಅವಳ ಕಣ್ಣು ನನ್ನ ಮೇಲೇ ಇತ್ತು. ತಡೆಯಲಾರದೆ ನೋಡಿದೆ.

ಅಂಧೇರಿ. ಸಂಶಯಕ್ಕೆ ಎಡೆಯೇ ಇರಲಿಲ್ಲ.

ಪರೀಕ್ಷೆಗೆ ನಾನೊಬ್ಬಳೇ ಕೂರುವುದು, ಒಬ್ಬಳೇ ವಾಪಸ್ ಬರುವುದು, ನಾಳೆಯಿಂದ ಅವಳಿಗೆ ಬೇರೆ ಗಾಡಿ, ಬೇರೆ ಗೆಳತಿಯರು. ಎಲ್ಲ ಒಟ್ಟಿಗೇ ಕಣ್ಣಮುಂದೆ ಬಂದು ಹೊಟ್ಟೆ ಉರಿಯಿತು.

"ಬೊರಿವಲಿ," ಅಂದೆ.

ಅಂಧೇರಿಯಲ್ಲಿ ಅರ್ಧ ಡಬ್ಬಿ ಖಾಲಿಯಾಯಿತು. ನಿಖಿತಾ ಎದ್ದೇಳುವವಳ ಹಾಗೆ ಮುಂದೆ ಬಾಗಿದಳು. ಅವಳು ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಗಾಡಿ ಹೊರಟಿತು. ಅವಳು ಫೋನ್ ತೆಗೆದಳು.

"ಶೆಟ್ರೇ, ನಾನು ಬರುದಿಲ್ಲ. ಬೇರೆಯವರನ್ನು ತಕೊಳ್ಳಿ."

ಫೋನ್ ಇಟ್ಟು ನನ್ನ ಭುಜಕ್ಕೆ ತಲೆ ಆನಿಸಿದಳು. "ಈಗ ಹಗುರ ಆಯ್ತು ನೋಡು. ನೀನಿಲ್ಲದಿದ್ರೆ ನಾನು ಪೆದ್ದಿಯ ಹಾಗೆ ಇಳಿದೇ ಬಿಡ್ತಿದ್ದೆ."

ಜೋಗೇಶ್ವರಿ ಹೋಯಿತು, ಗೋರೆಗಾಂವ್ ಹೋಯಿತು. ಪ್ರತಿ ಸ್ಟೇಷನ್ನಿನಲ್ಲೂ, ನಿಜವನ್ನು ಮುಂದಿನದರಲ್ಲಿ ಹೇಳಿಬಿಡೋಣ ಅಂದುಕೊಂಡೆ. ಅವಳು ನೋಟ್ಸ್ ತೆಗೆದು ನೆಮ್ಮದಿಯಾಗಿ ಓದತೊಡಗಿದ್ದಳು. ಕಾಂದಿವಲಿಯಲ್ಲಿ ಧೈರ್ಯ ಮಾಡಿ ಇನ್ನೊಮ್ಮೆ ಅವಳ ಮುಖ ನೋಡಿದೆ.

ಇನ್ನೂ ಅಂಧೇರಿಯೇ ಕಾಣುತ್ತಿತ್ತು.