ತಾಸ್ಕೊಸನ ಮೆದು ಏಟು

ಮೆಲಿತ ತೀರಿಹೋದ ಗಂಡ ತಾಸ್ಕೊಸನ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೊಳೆಯುತ್ತಿದ್ದಳು. ಎಣ್ಣೆ ಹಚ್ಚಿ ಉಜ್ಜಿದರೂ ಗೆಣ್ಣುಗಳ ಸಂದಿಯ ಮಸಿ ಹೋಗಲಿಲ್ಲ. ಗೋರ್ತಿನ ಪಟ್ಟಣದ ಟಂಕಸಾಲೆಯಲ್ಲಿ ನಾಣ್ಯ ಬಡಿಯುತ್ತ ನಲವತ್ತು ವರ್ಷ ಸುತ್ತಿಗೆ ಹಿಡಿದ ಕೈ ಅದು.

"ಸಾಕು ಬಿಡಮ್ಮ," ಎಂದಳು ಮಗಳು ಅರ್ಖೊ. "ಸೂರ್ಯ ಹುಟ್ಟೋದ್ರೊಳಗೆ ಹೊರಡ್ಬೇಕು."

"ಇರೇ. ಮಸಿ ಕೈಯಲ್ಲಿ ಹೋದ್ರೆ ಅಲ್ಲೂ ಯಾರಾದ್ರೂ ಬೈತಾರೆ."

ಬಾಗಿಲು ತೆರೆಯಲು ಹೋದ ಅರ್ಖೊ ಹಾಗೇ ಹಿಂದಿರುಗಿದಳು. "ಹೊರಗೆ ಒಂಬತ್ತು ಜನ ಹೆಂಗಸರು ನಿಂತಿದ್ದಾರೆ. ನಮ್ಮ ಬೀದಿಯೋರಲ್ಲ."

ಮೆಲಿತ ಎದ್ದು ಬಂದಳು. ಲೇಥೈ ಹೊಳೆಯ ಮಂಜು ಹೊಸ್ತಿಲವರೆಗೂ ಏರಿತ್ತು. ಅದರೊಳಗೆ ಕಪ್ಪು ಹೊದಿಕೆಯ ಹೆಂಗಸರು ಪಾದಗಳೇ ಇಲ್ಲದವರಂತೆ ನಿಂತಿದ್ದರು.

"ಯಾರಮ್ಮ ನೀವೆಲ್ಲ?"

"ತಾಸ್ಕೊಸಣ್ಣನ್ನ ಕಳ್ಸೋಕೆ ಬಂದ್ವಿ ತಾಯಿ," ಎಂದಳು ಅವರಲ್ಲಿ ಹಿರಿಯಳಾದ ಬ್ರಿತೊ.

"ಅಣ್ಣನಾ? ಅವರಿಗೆ ಒಬ್ಬ ತಂಗೀನೂ ಇರ್ಲಿಲ್ಲ." ಮೆಲಿತ ಗೋಡೆಗೊರಗಿದ್ದ ಲಾಸ್ತೆನನ ಕಡೆ ತಿರುಗಿದಳು. ತಾಸ್ಕೊಸ್ ಬಡಿಯುತ್ತಿದ್ದ ಬಿಲ್ಲೆಗಳನ್ನು ಇಕ್ಕಳದಲ್ಲಿ ಹಿಡಿದುಕೊಡುತ್ತಿದ್ದವನು ಅವನು. "ಇಷ್ಟು ಜನಾನ ಎಲ್ಲಿ ಬಚ್ಚಿಟ್ಟಿದ್ರಪ್ಪ ಇಬ್ಬರೂ ಸೇರಿ?"

"ಯಾರಿಗೂ ಹೇಳಲ್ಲ ಅಂತ ಆಣೆ ಹಾಕಿದ್ದೆ ಅತ್ತಿಗೆ."

"ಆಣೆ ಹಾಕಿಸ್ಕೊಂಡೋರು ಒಳಗೆ ಮಲಗಿದ್ದಾರೆ. ಹೇಳು."

*

ಆ ವರ್ಷಗಳಲ್ಲಿ ಗೋರ್ತಿನದ ಗಂಡಸರು ಕೂಲಿಗಾಗಿ ಯುದ್ಧ ಮಾಡಲು ತೆಂಕಣ ಕಡಲು ದಾಟಿ ಕುರೇನೆಗೆ ಹೋಗುತ್ತಿದ್ದರು. ಬದುಕಿದವರು ಬೆಳ್ಳಿ ತರುತ್ತಿದ್ದರು. ಸತ್ತವರ ಬೆಳ್ಳಿಯನ್ನು ಜೊತೆಗಾರರು ಮನೆಗೆ ಮುಟ್ಟಿಸುತ್ತಿದ್ದರು. ಆ ನಾಣ್ಯಗಳ ಮೇಲೆ ಕುರೇನೆಯ ಔಷಧಿ ಗಿಡವೊಂದಿರುತ್ತಿತ್ತು. ಹೊರಗಿನ ಬೆಳ್ಳಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಟಂಕಸಾಲೆಗೆ ತಂದು, ಕುಲುಮೆಯಲ್ಲಿ ಕಾಯಿಸಿ, ಮತ್ತೆ ಅಚ್ಚೊತ್ತಿಸಬೇಕು. ಮೂರು ಏಟಿಗೆ ಗಿಡ ಅಳಿದು, ಮರದ ಮೇಲೆ ಕುಳಿತ ರಾಜಕುಮಾರಿ ಯುರೋಪಾ ಮೂಡುತ್ತಿದ್ದಳು; ಹಿಂಬದಿಯಲ್ಲಿ ಅವಳನ್ನು ಹೊತ್ತು ತಂದ ಗೂಳಿ.

ಬ್ರಿತೊ ಟಂಕಸಾಲೆಗೆ ಬಂದ ದಿನ ಬಾಗಿಲಲ್ಲೇ ನಿಂತು ಕೇಳಿದ್ದಳು. "ಅಣ್ಣಾ, ಬಡಿದ್ಮೇಲೆ ಗಿಡ ಇರತ್ತಾ?"

"ಇರಲ್ಲಮ್ಮ."

"ನನ್ನ ಮಗ ಕೊನೇಗೆ ಮುಟ್ಟಿದ್ದು ಅದನ್ನೇ. ಅವನನ್ನ ಎಲ್ಲಿ ಹೂತ್ರೋ ಗೊತ್ತಿಲ್ಲ. ಒಂದನ್ನಾದ್ರೂ ಹಾಗೇ ಇಟ್ಕೊಳ್ತೀನಿ ಅಂದ್ರೆ ಬಿಡಲ್ವಂತೆ."

ತಾಸ್ಕೊಸ್ ಅವಳ ನಾಣ್ಯಗಳಲ್ಲೊಂದನ್ನು ಕುಲುಮೆಗೆ ಹಾಕಿಸಿದ. ಬಿಲ್ಲೆ ಪೂರ್ತಿ ಕೆಂಪಾಗುವ ಮೊದಲೇ ಹೊರತೆಗೆಯುವಂತೆ ಲಾಸ್ತೆನನಿಗೆ ಸನ್ನೆ ಮಾಡಿದ. ಒಂದೇ ಏಟು ಹೊಡೆದ, ಅದೂ ಮೆದುವಾಗಿ. ಅಚ್ಚು ಎತ್ತಿ ನೋಡಿದರೆ ಯುರೋಪಾಳ ಹೆಗಲ ಹಿಂದೆ ಗಿಡದ ದಂಟು ಉಳಿದಿತ್ತು, ಅವಳ ಮರದ್ದೇ ಇನ್ನೊಂದು ಕೊಂಬೆಯ ಹಾಗೆ. ಬ್ರಿತೊ ಅದರ ಮೇಲೆ ಹೆಬ್ಬೆರಳು ಆಡಿಸಿದಳು. "ಇದ್ದಾನೆ," ಎಂದು ಹೊರಟುಹೋದಳು.

ಮತ್ತೊಬ್ಬಳು ಬಂದಳು, ಆಮೇಲೆ ಇನ್ನೊಬ್ಬಳು. ಒಬ್ಬೊಬ್ಬರಿಗೆ ಒಂದು ನಾಣ್ಯ. ಮೇಲಿನವರ ಕಣ್ಣಿಗೆ ಅಂಥದ್ದೊಂದು ಬಿತ್ತು. "ಮುದುಕಿ ಏಟು" ಎಂದು ಎಲ್ಲರೆದುರು ನಕ್ಕು, ಎರಡು ಚಳಿಗಾಲ ಅವನನ್ನು ಕುಲುಮೆಯ ತಿದಿ ಒತ್ತಲು ಕೂರಿಸಿದರು. ಅಚ್ಚು ಕೊರೆಯುವವನ ಮಗನಿಗೆ ಅರ್ಖೊಳನ್ನು ಕೊಡುವ ಮಾತು ಆಗಲೇ ಮುರಿದುಬಿತ್ತು. ಸುತ್ತಿಗೆ ಮರಳಿ ಸಿಕ್ಕ ತಿಂಗಳೇ ಲೆಬೇನ ಬಂದರಿನಿಂದ ಇನ್ನೊಬ್ಬ ತಾಯಿ ಬಂದಳು. ಅವನು ಮತ್ತೆ ಮೆದುವಾಗಿ ಹೊಡೆದ.

"ಹಿಟ್ಟು ನಾದೋ ನನ್ನ ಕೈಗಿರೋ ಬಲ ನಿಮಗಿಲ್ವಲ್ಲ," ಎಂದು ಮೆಲಿತ ಹಂಗಿಸಿದಾಗಲೆಲ್ಲ ಅವನು ನಕ್ಕು, ಬೇಳೆಗಂಜಿಯ ಬಟ್ಟಲಿಗೆ ಮುಖ ತಗ್ಗಿಸುತ್ತಿದ್ದ.

*

ಲಾಸ್ತೆನನ ಮಾತು ಮುಗಿದಾಗ ಮೆಲಿತ ಒಳಗೆ ಮಲಗಿದ್ದ ಗಂಡನ ಕಡೆ ನೋಡಿದಳು.

"ನನಗೊಬ್ಬಳಿಗೆ ಹೇಳ್ಬಹುದಿತ್ತು."

"ಹೇಳಿದ್ರೆ ನೀವು ಬೇಡ ಅಂತಿದ್ರಿ ಅತ್ತಿಗೆ."

"ಅಂತಿದ್ದೆ," ಎಂದಳು ಮೆಲಿತ.

ಬ್ರಿತೊ ಒಂದು ಹೆಜ್ಜೆ ಮುಂದೆ ಬಂದಳು. "ನಮ್ಮ ಹುಡುಗರಿಗೆ ಗೋರಿ ಇಲ್ಲ ತಾಯಿ. ಮಣ್ಣು ಮುಚ್ಚಿದ್ಮೇಲೆ ಅಣ್ಣನ ಹೆಸರನ್ನ ಮೂರು ಸಲ ಕೂಗ್ತೀರಲ್ಲ, ಅದಕ್ಕೆ ಮೊದಲು ನಮ್ಮ ಮಕ್ಕಳ ಹೆಸರನ್ನೂ ಒಂದೊಂದು ಸಲ ಕೂಗ್ಬಹುದಾ?"

"ಬೇಡ," ಎಂದಳು ಅರ್ಖೊ ಒಮ್ಮೆಗೇ. "ಬೇರೆ ಹೆಸರು ಕೂಗಿದ್ರೆ ಅಪ್ಪಂಗೆ ದಾರಿ ತಪ್ಪತ್ತೆ. ಇವರಿಂದ ನಮಗೆ ಆಗಿದ್ದು ಸಾಲ್ದಾ?"

ಮೆಲಿತ ಮಗಳ ತಲೆಯ ಮೇಲೆ ಹೊದಿಕೆ ಸರಿಮಾಡಿದಳು. "ತಪ್ಪಿದ್ರೆ ತೋರ್ಸೋಕೆ ಒಂಬತ್ತು ಹುಡುಗರಿರ್ತಾರೆ ಬಿಡು," ಎಂದಳು.

ಹೊಳೆ ದಾಟಿ, ಆಲಿವ್ ಮರಗಳ ನಡುವೆ ಅಗೆದ ಕುಣಿಗೆ ತಾಸ್ಕೊಸನನ್ನು ಇಳಿಸಿದರು. ಮಣ್ಣು ಮುಚ್ಚಿದ ಮೇಲೆ ಹೆಂಗಸರು ಕಡಲಿರುವ ದಿಕ್ಕಿಗೆ ಮುಖ ಮಾಡಿ ನಿಂತರು. "ಸೋತಾದಾ," ಎಂದು ಬ್ರಿತೊ ಕೂಗಿದಳು. ಹೆಸರು ಮಂಜಿನೊಳಗೆ ಹೋಗಿ ಕರಗುವವರೆಗೆ ಕಾದು ಮುಂದಿನವಳು ಕೂಗಿದಳು. ಹಾಗೆ ಎಂಟು ಹೆಸರು ಹೋದವು. ಕೊನೆಯವಳು ಬಾಯಿ ತೆರೆದಳು, ಸ್ವರ ಬರಲಿಲ್ಲ. ಮತ್ತೆ ತೆರೆದಳು. ಅರ್ಖೊ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹತ್ತಿರ ಹೋಗಿ ಅವಳ ಬಾಯಿಗೆ ಕಿವಿಗೊಟ್ಟಳು. "ಕೈರಿಲಾ," ಎಂದು ತಾನೇ ಗಂಟಲು ತುಂಬ ಕೂಗಿದಳು.

ಇನ್ನು ಮೆಲಿತಳ ಸರದಿ. ಒಂದು ಸಲ ಕೂಗಿದಳು. ಎರಡು ಸಲ. ಮೂರನೆಯ ಸಲ "ತಾಸ್ಕೊಸಾ" ಎಂದಾಗ, ಎದುರು ಗುಡ್ಡದ ಮಂಜಿನಲ್ಲಿ ಕಾಣದೆ ನಿಂತ ಯಾವನೋ ಕುರಿಗಾಹಿ ತನ್ನನ್ನೇ ಕರೆದರೆಂದುಕೊಂಡು "ಓ" ಎಂದು ಓಗೊಟ್ಟ.

ಒಂಬತ್ತೂ ಹೆಂಗಸರು ಒಟ್ಟಿಗೆ ಆ ಕಡೆ ತಿರುಗಿದರು.