ಮೇಘಾಳ ಕೈ ಮುರಿದದ್ದು ಯಾಕೆ?

ನಾನು ಕೇಶರಬಾಯಿ, ಹಳ್ಳಿಖೇಡದ ಹತ್ತಿರದ ಒಂದೂರಿನ ಆಶಾ ಕಾರ್ಯಕರ್ತೆ. ಸಿಟ್ಟಿನಲ್ಲೇ ಹೇಳುತ್ತೇನೆ, ಕೇಳಿಸಿಕೊಳ್ಳಿ.

ಕಬ್ಬಿನ ಟ್ರ್ಯಾಕ್ಟರ್ ಕಾರ್ಖಾನೆಗೆ ಹೊರಟರೆ ನಮ್ಮೂರ ಮಕ್ಕಳು ಹಿಂದೆ ಓಡಿ ಕಬ್ಬು ಎಳೆಯುತ್ತಾರೆ. ದೊಡ್ಡವರು ನೋಡಿ ನಗುತ್ತಾರೆ. ಏಳನೇ ತರಗತಿಯ ಭುವನೇಶ್ವರಿ ತಾನು ಓಡುತ್ತಿರಲಿಲ್ಲ, ಜೊತೆಯ ಮೇಘಾಳನ್ನು ಓಡಿಸುತ್ತಿದ್ದಳು. ಕಬ್ಬು ತರದಿದ್ದರೆ ತರಗತಿಯಲ್ಲಿ ಯಾರೂ ಮೇಘಾಳೊಡನೆ ಮಾತಾಡುವಂತಿಲ್ಲ ಎಂಬುದು ಭುವನೇಶ್ವರಿಯ ಅಪ್ಪಣೆ. ದೀಪಾವಳಿಯಿಂದ ಇದೇ ನಡೆದಿತ್ತು. ಒಂದು ದಿನ ಮೇಘಾ ಟ್ರಾಲಿಯ ಪಕ್ಕದಲ್ಲೇ ಬಿದ್ದಳು. ಮೊಣಕೈ ಮುರಿಯಿತು. ಗಾಲಿ ಗೇಣು ದೂರದಲ್ಲಿ ಹೋದದ್ದರಿಂದ ಜೀವ ಉಳಿಯಿತು.

ಹುಮನಾಬಾದಿನ ಆಸ್ಪತ್ರೆಯಲ್ಲಿ ಮಗಳ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಘಾಳ ಅಪ್ಪ ಕಾಶಿರಾಮ, ಇನ್ನು ಶಾಲೆಯೇ ಬೇಡ ಎಂದ.

"ನಮ್ಮ ಹುಡುಗಿ ಹುಟ್ಟಿದಾಗಿಂದ ಮೆತ್ತಗ ಅಕ್ಕಾ. ಆ ಭುವನೇಶ್ವರಿ ಹುಟ್ಟಿದಾಗಿಂದ ಜೋರು. ದೇವರು ಮಾಡಿದ್ದಕ್ಕ ಯಾರು ಏನು ಮಾಡಾಕ ಆಗ್ತದ?"

ಕಾಶಿರಾಮ ಕೂಲಿ ಮಾಡುವುದು ಭುವನೇಶ್ವರಿಯ ಅಪ್ಪ ಬಸವಣಪ್ಪನವರ ಹೊಲದಲ್ಲಿ. ಅವರ ಮನೆಗೆ ಹೋದೆ. ಅವರೂ ಅದನ್ನೇ ಹೇಳಿದರು, ಆದರೆ ಮೀಸೆ ತಿರುವಿ: ತಮ್ಮ ಮನೆತನದ ರಕ್ತವೇ ಜೋರಂತೆ. ಮಕ್ಕಳೆಂದರೆ ಹೀಗೇ ಎಂದು ಹೆಡ್‌ಮಾಸ್ಟರು ಮೊದಲೇ ಕೈ ತೊಳೆದುಕೊಂಡಿದ್ದರು. ನನಗೆ ಮೈಯೆಲ್ಲ ಉರಿಯಿತು. ಗುಣ ಹುಟ್ಟಿನದು ಎಂದುಬಿಟ್ಟರೆ ಯಾರೂ ಏನೂ ಮಾಡಬೇಕಾಗಿಲ್ಲ ನೋಡಿ!

"ಅಂಗನವಾಡಿಯಾಗ ಇಬ್ರೂ ಒಂದೇ ತಾಟಿನಾಗ ಉಂಡಾವ್ರಿ, ನಾನೇ ನೋಡೀನಿ. ಆಗ ಈ ರಕ್ತ ಎಲ್ಲಿ ಹೋಗಿತ್ರಿ? ಇದು ಕಲಿತದ್ದು. ಕಲಿತದ್ದು ಬಿಡಿಸಾಕ ಬರ್ತದ."

ಬಸವಣಪ್ಪನವರು ನಕ್ಕು, ಬಾಗಿಲಲ್ಲಿ ನಿಂತಿದ್ದ ಮಗಳನ್ನೇ ಕೇಳಿದರು, ಯಾರು ಕಲಿಸಿದರೆಂದು. ಅವಳು ನೆಲ ನೋಡುತ್ತ ಹೇಳಿದಳು:

"ನೀ ಕಾಶಿರಾಮ ಕಾಕಾಗ ಹಾಂಗೇ ಓಡಸ್ತಿಯಲ್ಲಪ್ಪಾ. ತಪ್ಪಂತ ನನಗ ಯಾರೂ ಹೇಳಲಿಲ್ಲ."

ಅವರ ನಗು ನಿಂತಿತು. ಮರುದಿನ ತಾವೇ ಕಾಶಿರಾಮನ ಮನೆಗೆ ನಡೆದು ಬಂದು ತಪ್ಪಾಯಿತು ಎಂದರು, ಮಗಳೂ ಹೇಳಿದಳು. ಏನು ಮಾಡಬೇಕೆಂದು ಮೇಘಾಳನ್ನೇ ಕೇಳಿದೆವು. ಪ್ಲಾಸ್ಟರ್ ಬಿಚ್ಚುವವರೆಗೆ ಭುವನೇಶ್ವರಿ ನೋಟ್ಸ್ ಬರೆದುಕೊಡಲಿ, ಪಕ್ಕದಲ್ಲಿ ಕೂರುವುದು ಮಾತ್ರ ಈಗಲೇ ಬೇಡ ಎಂದಳು. ಹಾಗೇ ಆಯಿತು. ಸೋಮವಾರ ಕಾಶಿರಾಮ ಮಗಳನ್ನು ಶಾಲೆಗೆ ಬಿಟ್ಟುಬಂದ. ಮಕ್ಕಳು ಟ್ರ್ಯಾಕ್ಟರ್ ಹಿಂದೆ ಓಡದಂತೆ ಶಾಲೆ ಬಿಡುವ ಹೊತ್ತಿಗೆ ಈಗ ಹೆಡ್‌ಮಾಸ್ಟರೇ ರಸ್ತೆಯಲ್ಲಿ ನಿಲ್ಲುತ್ತಾರೆ. ಕೈ ಮುರಿಯುವ ಮೊದಲೇ ನಿಂತಿದ್ದರೆ ಏನಾಗುತ್ತಿತ್ತು?

ತಾಯಂದಿರೇ, ತಂದೆಯಂದಿರೇ, ನಿಮ್ಮ ಮಗು ಶಾಲೆಗೆ ಹೋಗಲು ಹೆದರುತ್ತಿದ್ದರೆ ಯಾಕೆಂದು ಕೇಳಿ. ನಿಮ್ಮ ಮಗುವೇ ಇನ್ನೊಂದನ್ನು ಕಾಡುತ್ತಿದ್ದರೆ ಇನ್ನೂ ಬೇಗ ಕೇಳಿ, ತಪ್ಪೆಂದು ಹೇಳಿ, ತಿದ್ದಿ. ಮಾಸ್ತರರಿಗೆ ತಿಳಿಸಿ. ಅವರೂ ಕಿವಿಗೆ ಹಾಕಿಕೊಳ್ಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಕ್ಕಳು ಹುಟ್ಟಿದ್ದೇ ಹಾಗೆ ಎಂದು ಸುಮ್ಮನೆ ಕೂತವರ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ನೀವು ಹಾಗೆ ಕೂರಬೇಡಿ. ಇವತ್ತೇ ಮಗುವನ್ನು ಹತ್ತಿರ ಕರೆದು ಕೇಳಿ.