ಅಳಿಯಂದಿರು ಬಿಚ್ಚಿದ ಬ್ರೇಕು

ನನ್ನ ಹಳೇ ಎಸ್‌ಯುವಿಯನ್ನು ಮನೆಯಲ್ಲಿ ಎಲ್ಲರೂ ಡಬ್ಬಾ ಅನ್ನುತ್ತಾರೆ. ಅನ್ನಲಿ. ನಾನು ಗಿಡಗಳ ನರ್ಸರಿ ಇಟ್ಟುಕೊಂಡವಳು. ಮಣ್ಣಿನ ಚೀಲ, ಕುಂಡ, ಆಳೆತ್ತರದ ಸಸಿ ಎಲ್ಲವನ್ನೂ ಗೊಣಗದೆ ಹೊರುವುದು ಈ ಮನೆಯಲ್ಲಿ ಅದೊಂದೇ. ಉಳಿದವರಿಗೆ ಒಂದು ಕುಂಡ ಎತ್ತಿಕೊಡಿ ಅಂದರೆ ಸಾಕು, ಸೊಂಟ ಹಿಡಿದುಕೊಳ್ಳುತ್ತದೆ.

ಕಳೆದ ವಾರ ಅದನ್ನು ಗೇಟಿನ ಮುಂದಿನ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನೀರು ಕುಡಿಯಲು ಒಳಗೆ ಹೋದೆ. ಲೋಟ ಬಾಯಿಗೆ ಹೋಗುವ ಮೊದಲೇ ಧಡಾರ್ ಎಂದಿತು. ಓಡಿ ಬಂದು ನೋಡಿದರೆ ಡಬ್ಬಾ ತಾನಾಗಿಯೇ ಹಿಂದಕ್ಕೆ ಜಾರಿ ದೊಡ್ಡ ಅಳಿಯನ ಹೊಸ ಸ್ಕೂಟರನ್ನು ಗೋಡೆಗೆ ಒತ್ತಿ ಹಿಡಿದಿತ್ತು. ಹಿಂದಿನ ಡ್ರಮ್ ಬ್ರೇಕು ಪೂರ್ತಿ ಸವೆದಿತ್ತು.

ಮೇಲಿನ ಮನೆಯಲ್ಲಿರುವ ದೊಡ್ಡ ಮಗಳು ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾಲ್ಕನೇ ದಿನ ಬಂದು ತೀರ್ಪು ಕೊಟ್ಟಳು. ಭಾನುವಾರ ಸಂಜೆ ಹಳೇ ಗಾಡಿ ಕೊಳ್ಳುವವನು ಬರುತ್ತಾನೆ. ಅಷ್ಟರೊಳಗೆ ಡಬ್ಬಾ ಕುಂಡ ಹೇರಿಕೊಂಡು ಅದೇ ಏರಿನಲ್ಲಿ ಅಲ್ಲಾಡದೆ ನಿಂತರೆ ನನ್ನದು, ಇಲ್ಲದಿದ್ದರೆ ಅವನದು. ನಜ್ಜುಗುಜ್ಜಾದ ಸ್ಕೂಟರನ್ನು ಎದುರಿಗಿಟ್ಟುಕೊಂಡು ನಾನು ಯಾವ ಬಾಯಲ್ಲಿ ವಾದ ಮಾಡಲಿ?

ಚಿಕ್ಕ ಅಳಿಯ ಹಲ್ಲಿನ ಡಾಕ್ಟರು. ಸುದ್ದಿ ಕೇಳಿದ್ದೇ ತಡ, ಬ್ರೇಕ್ ಶೂ ತಾನೇ, ಹಲ್ಲಿಗಿಂತ ದೊಡ್ಡದು, ನಾನೇ ಬದಲಾಯಿಸುತ್ತೇನೆ ಅಂದ. ದೊಡ್ಡವನು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಚಿಕ್ಕವನು ಹೆಸರು ಮಾಡುವುದನ್ನು ನೋಡಿಕೊಂಡು ಕೂರುವ ಜಾಯಮಾನ ಅವನದಲ್ಲ. ಒಂದು ಚಕ್ರ ಅವನಿಗೆ, ಇನ್ನೊಂದು ನನಗೆ ಎಂದು ಎಡಗಡೆ ಹೋಗಿ ಕೂತ. ಎದುರಿಗೆ ಇಬ್ಬರಿಗೂ ನೀವು-ತಾವು ಅನ್ನುತ್ತೇನೆ. ಕತೆ ಹೇಳುವಾಗ ಅಷ್ಟೆಲ್ಲ ಮರ್ಯಾದೆ ಕೊಡಲು ನನ್ನಿಂದಾಗದು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕಿನಿಂದ ಎತ್ತಿ, ಗಟ್ಟಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದರು. ತುಕ್ಕು ಹಿಡಿದ ಡ್ರಮ್ಮುಗಳು ಜಪ್ಪಯ್ಯ ಅಂದರೂ ಬರಲಿಲ್ಲ. ಸುತ್ತಲೂ ಸುತ್ತಿಗೆಯಿಂದ ಕುಟ್ಟಿದ ಮೇಲೆ ಎರಡೂ ಕಳಚಿಕೊಂಡವು. ಒಳಗೆ ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ, ಬಿಲ್ಲಿನಂತೆ ಬಾಗಿದ ಎರಡೆರಡು ಶೂ, ಅವನ್ನು ಹಿಡಿದಿಟ್ಟ ನಾನಾ ಸ್ಪ್ರಿಂಗು, ಕೊಕ್ಕೆ, ಸರಳು. ಡಾಕ್ಟರು ಒಂದೊಂದೇ ಸ್ಪ್ರಿಂಗನ್ನು ಕಿತ್ತು, ನೋವಾಯಿತೇ ಎಂದು ಕೇಳುವವನ ಹಾಗೆ ಚಕ್ರದ ಮುಖ ನೋಡುತ್ತಿದ್ದ. ಕಿತ್ತದ್ದನ್ನೆಲ್ಲ ಇಬ್ಬರೂ ತೊಳೆಯಲೆಂದು ನನ್ನ ಒಂದೇ ಸೋಪಿನ ನೀರಿನ ಬಕೆಟ್ಟಿಗೆ ಹಾಕಿದರು. ಅಲ್ಲಿ ಎಡದ ಸ್ಪ್ರಿಂಗೂ ಬಲದ ಸ್ಪ್ರಿಂಗೂ ಸುಖವಾಗಿ ಬೆರೆತುಹೋದವು.

ನಾನು ಕುಂಡಗಳಿಗೆ ನೀರು ಹಾಕುತ್ತ ಎಲ್ಲವನ್ನೂ ನೋಡುತ್ತಿದ್ದೆ. ಹೊಸ ಶೂ ಜೋಡಿಸುವ ಹೊತ್ತಿಗೆ ಇಬ್ಬರ ಕೈಯೂ ನಿಂತಿತು. ಡಾಕ್ಟರಿಗೆ ಪದೇಪದೇ ಬಾಯಾರಿಕೆ. ನೀರಿಗೆ ಹೋಗುವಾಗೆಲ್ಲ ಎಡಚಕ್ರದ ಹತ್ತಿರ ನಡಿಗೆ ನಿಧಾನ. ಮೇಷ್ಟ್ರ ಸ್ಪ್ಯಾನರು ಮಾತ್ರ ಆಗಾಗ ಕೈಜಾರಿ ಗಾಡಿಯಡಿ ಉರುಳಿ ಬಲಗಡೆಗೇ ಹೋಗಿ ಬೀಳುತ್ತಿತ್ತು. ಅದನ್ನು ತರಲು ಹೋದವನು ತಾಸುಗಟ್ಟಲೆ ಬಗ್ಗಿಕೊಂಡೇ ಇರುತ್ತಿದ್ದ. ಮಧ್ಯಾಹ್ನ ಇಬ್ಬರೂ ಒಟ್ಟಿಗೇ ಮುಗಿಯಿತು ಅಂದರು. ಡ್ರಮ್ಮು ಕೂರದಿದ್ದಾಗ ಮತ್ತೆ ಸುತ್ತಿಗೆಯಿಂದ ಹೊಡೆದೇ ಕೂರಿಸಿದ್ದರು.

ಗಾಡಿ ಕೆಳಗಿಳಿಸಿ ನಾನು ಸ್ಟಾರ್ಟ್ ಮಾಡಿದೆ. ಹ್ಯಾಂಡ್‌ಬ್ರೇಕ್ ಬಿಟ್ಟೆ, ಗೇರ್ ಹಾಕಿದೆ, ಆಕ್ಸಿಲರೇಟರ್ ಒತ್ತಿದೆ. ಡಬ್ಬಾ ಗುರ್‍ರೆಂದಿತು, ಮೈ ನಡುಗಿಸಿತು, ಒಂದಂಗುಲ ಕದಲಲಿಲ್ಲ.

"ಅತ್ತೆ, ಬ್ರೇಕು ಒಳ್ಳೇ ಗಟ್ಟಿ ಹಿಡೀತಿದೆ" ಎಂದ ಡಾಕ್ಟರು.

ಗದ್ದಲ ಕೇಳಿ ಮಗಳು ಮೆಟ್ಟಿಲಿಳಿದು ಬಂದಳು. ಅವಳಿಗೆ ಕಿವಿಯ ತನಕ ನಗು. ಕೊಳ್ಳುವವನಿಗೆ ಎಳೆದುಕೊಂಡು ಹೋಗುವ ಲಾರಿಯನ್ನೇ ತರಲು ಹೇಳುತ್ತೇನೆ ಎಂದು ಫೋನ್ ತೆಗೆದಳು. ನನ್ನ ಪಿತ್ತ ನೆತ್ತಿಗೇರಿತು.

"ನಿಜ ಹೇಳಿ. ನಿಮ್ಮಿಬ್ಬರಲ್ಲಿ ಈ ಕೆಲಸ ಗೊತ್ತಿರೋರು ಯಾರು?"

ಮೇಷ್ಟ್ರು ಡಾಕ್ಟರನ್ನು ನೋಡಿದ. ಡಾಕ್ಟರು ಮೇಷ್ಟ್ರನ್ನು ನೋಡಿದ.

"ನಾನು ಅಣ್ಣನ ಚಕ್ರ ನೋಡ್ಕೊಂಡು ಮಾಡಿದೆ" ಎಂದ ಡಾಕ್ಟರು.

"ಅಯ್ಯೋ, ನಾನು ನಿಮ್ಮದು ನೋಡ್ಕೊಂಡು ಮಾಡಿದೆನಲ್ಲ ಡಾಕ್ಟ್ರೇ."

ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಮಕ್ಕಳನ್ನು ಹಿಡಿದು ಬೆಂಚಿನ ಮೇಲೆ ನಿಲ್ಲಿಸುವ ಮೇಷ್ಟ್ರು ಇವನು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಬ್ಬರನ್ನೂ ಬೀದಿ ತುದಿಯ ಗ್ಯಾರೇಜಿಗೆ ಅಟ್ಟಿದೆ. ಅಲ್ಲಿನ ಮೆಕ್ಯಾನಿಕ್ಕು ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಒಂದು ಕಡೆ ಮುಗಿಯುವ ತನಕ ಇನ್ನೊಂದು ಕಡೆ ಮುಟ್ಟಲೇಬಾರದು, ಅದನ್ನು ನೋಡಿಕೊಂಡೇ ಇದನ್ನು ಜೋಡಿಸಬೇಕು ಅಂದನಂತೆ. ಕೈಲಿರುವ ಕೆಲಸ ಬಿಟ್ಟು ಬರಲಾಗದು ಎಂದು, ತಾನು ರಿಪೇರಿ ಮಾಡುತ್ತಿದ್ದ ಇಂಥದೇ ಗಾಡಿಯ ಎಡಚಕ್ರದ ಫೋಟೋ ತೆಗೆದುಕೊಂಡು ಹೋಗಲು ಬಿಟ್ಟನಂತೆ. ಬಲಗಡೆಯದನ್ನು ಆಗಲೇ ಮುಚ್ಚಿಯಾಗಿತ್ತು.

ಗಾಡಿಯನ್ನು ಮತ್ತೆ ಸ್ಟ್ಯಾಂಡಿಗೇರಿಸಿದರು, ಫೋಟೋ ನೋಡಿ ಎಡಚಕ್ರ ಸರಿಹೋಯಿತು. ಕೈಯಲ್ಲಿ ತಿರುಗಿಸಿದರೆ ಸರಾಗವಾಗಿ ತಿರುಗಿತು. ಬಲಕ್ಕೆ ಬಂದಾಗ ಮತ್ತೆ ಗೊಂದಲ. ಅಲ್ಲಿ ಎಲ್ಲವೂ ತಿರುವುಮುರುವು, ಮುಂದಿನ ಶೂ ಯಾವುದು ಹಿಂದಿನದು ಯಾವುದು ಎಂದು ಇಬ್ಬರೂ ಕೈ ತಿರುಗಿಸಿ ತಿರುಗಿಸಿ ವಾದ ಮಾಡತೊಡಗಿದರು. ಮೇಷ್ಟ್ರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬೇರೆ ಶುರುಮಾಡಿದ. ಗಡಿಯಾರ ನೋಡಿ ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ತಲೆ ಬಾಚಿಕೊಳ್ಳುವ ಕನ್ನಡಿಯನ್ನು ಗೋಡೆಯಿಂದ ಕಿತ್ತು ತಂದು, ಫೋಟೋದ ಎದುರು ಹಿಡಿದು ಕೂತೆ.

"ಫೋಟೋ ಬಿಡಿ, ಕನ್ನಡಿ ನೋಡಿ ಜೋಡಿಸಿ" ಅಂದೆ.

ಇಬ್ಬರೂ ಬಾಯಿಮುಚ್ಚಿಕೊಂಡು ಜೋಡಿಸಿದರು. ನನ್ನ ತೋಳು ಬಿದ್ದುಹೋಗುವಂತಾಯಿತು, ಆದರೆ ಬಲಚಕ್ರವೂ ಸರಾಗವಾಗಿ ತಿರುಗಿತು. ಗಾಡಿ ಇಳಿಸಿ ಅಂಗಳದಲ್ಲೇ ಹಿಂದೆ ಮುಂದೆ ಓಡಿಸಿ, ಬ್ರೇಕ್ ಒತ್ತಿ ಒತ್ತಿ ನೋಡಿದೆ. ಹಿಡಿಯಿತು, ಬಿಟ್ಟಿತು.

ಸಂಜೆ ಕೊಳ್ಳುವವನು ಬಂದ. ಹಿಂದಿನ ಸೀಟು ಮಡಚಿ ಕುಂಡ ತುಂಬಿ ಏರಿಗೆ ಹತ್ತಿಸಿದೆ. ಹ್ಯಾಂಡ್‌ಬ್ರೇಕ್ ಎಳೆದು ಕಾಲು ತೆಗೆದೆ. ಡಬ್ಬಾ ನಿಂತಿತು. ನಾನು ಮೂಗಿನ ಮೇಲೆ ಬೆರಳಿಟ್ಟುಕೊಂಡೆ. ಅಳಿಯಂದಿರು ಅದರ ಹಿಂದಿನಿಂದ ಬಂದು ಎದೆಯುಬ್ಬಿಸಿ ನಿಂತರು. ಮಗಳು ಒಂದು ಸುತ್ತು ಬಂದು ಬಗ್ಗಿ ನೋಡಿದಳು. ಹಿಂದಿನ ಎರಡೂ ಚಕ್ರಗಳ ಹಿಂದೆ ಒಂದೊಂದು ಕಲ್ಲು!

ವಿಚಾರಿಸಿದರೆ ಡಾಕ್ಟರ ಚಕ್ರಕ್ಕೆ ಕಲ್ಲಿಟ್ಟವನು ಮೇಷ್ಟ್ರು, ಮೇಷ್ಟ್ರ ಚಕ್ರಕ್ಕೆ ಇಟ್ಟವನು ಡಾಕ್ಟರು. ಸ್ವಂತ ಚಕ್ರದ ಮೇಲೆ ಇಬ್ಬರಿಗೂ ಪೂರ್ತಿ ನಂಬಿಕೆ ಇತ್ತಂತೆ.

"ತೆಗೀರಿ" ಅಂದಳು ಮಗಳು.

ಪಕ್ಕಕ್ಕೆ ನಿಂತು, ಕಾಲಿನಿಂದ ಒದ್ದು ಎರಡೂ ಕಲ್ಲನ್ನು ಸರಿಸಿದರು. ಕುಂಡದ ಗಿಡಗಳ ಎಲೆಗಳು ಅಲ್ಲಾಡಿದವು, ಚಕ್ರ ಅಲ್ಲಾಡಲಿಲ್ಲ. ಎಷ್ಟೋ ಹೊತ್ತು ಅಲ್ಲಾಡಲಿಲ್ಲ. ಕೊಳ್ಳುವವನು ಆಕಳಿಸಿ, ಹಾಗಾದರೆ ನಾನು ಬರಲೇ ಅಂದ. ಮಗಳು ಹ್ಞೂಂ ಅಂದಳು.

ಗೆದ್ದೆನೆಂದು ನಾನು ಜಂಬದಿಂದ ಕೆಳಗಿಳಿದರೆ ಅವಳ ಕಣ್ಣು ತುಂಬಿತ್ತು.

"ಅಮ್ಮ, ಅವತ್ತು ಸ್ಕೂಟರ್ ಜಾಗದಲ್ಲಿ ನೀನಿದ್ದಿದ್ರೆ ನಾನೇನು ಮಾಡಬೇಕಿತ್ತು?"

ನಾನು ಇಷ್ಟು ದಿನ ಅವಳಿಗೆ ಸ್ಕೂಟರಿನ ಸಂಕಟ ಅಂದುಕೊಂಡಿದ್ದೆ. ಅವಳು ಮೂಗು ಒರೆಸಿಕೊಂಡು, ಆ ಎರಡೂ ಕಲ್ಲನ್ನು ಎತ್ತಿ ತಂದು ನನ್ನ ಪಕ್ಕದ ಸೀಟಿನ ಮುಂದೆ ಇಟ್ಟಳು.

"ಎಲ್ಲೇ ನಿಲ್ಲಿಸು, ಇವನ್ನ ಚಕ್ರಕ್ಕೆ ಕೊಟ್ಟು ಆಮೇಲೆ ಹೋಗು."

ಈಗ ಎಲ್ಲಿ ನಿಲ್ಲಿಸಿದರೂ, ಮಟ್ಟಸವಾದ ನೆಲದಲ್ಲಿ ಕೂಡ, ಮೊದಲು ಕಲ್ಲು ಕೊಟ್ಟು ಆಮೇಲೆ ಹೋಗುತ್ತೇನೆ. ನೋಡಿದವರು ನಗುತ್ತಾರೆ, ನಗಲಿ.